ಪಿಕಪ್ ಹಿಂದೆ ಎರಡು ಟನ್ ಟ್ರೇಲರ್: ಹುಕ್ ಯಾವುದು ಅಂತ ಕೇಳೋಕೆ ಮುಂಚೆ

ಹೊಳಲ್ಕೆರೆ ಕಡೆಯವರು, ಬೊಲೆರೋ ಪಿಕಪ್, ಅದರ ಹಿಂದೆ ಎರಡು ಟನ್ನಿನ ಟ್ರೇಲರ್ ಮಾಡಿಸಿ ಜನರೇಟರ್, ಮಿಲ್ಲರ್ (ಕಾಂಕ್ರೀಟ್ ಕಲಸೋ ಯಂತ್ರ) ಬಾಡಿಗೆ ಶುರು ಮಾಡಬೇಕು ಅಂತ ಬರೆದಿದ್ದೀರಿ. ಎಂಜಿನ್ ಎಳೆಯುತ್ತಾ, ಟ್ರೇಲರ್ ಸಿಕ್ಕಿಸೋಕೆ ಪಿನ್ ಇಳಿಸೋ ಹುಕ್ಕೋ, ಗುಂಡಿನ ಮೇಲೆ ಕೂರೋ ಬಾಲ್ ಹುಕ್ಕೋ ಅಂತ ಎರಡು ಪ್ರಶ್ನೆ. ಓದಿ ಎದೆ ಧಸಕ್ ಅಂತು. 2016ರಲ್ಲಿ ದಾವಣಗೆರೆ ಪಿ.ಬಿ. ರಸ್ತೆಯ ಒಂದು ವೆಲ್ಡಿಂಗ್ ಶೆಡ್ ಮುಂದೆ ನಿಂತು ನಾನೂ ಇದೇ ಎರಡು ಮಾತು ಕೇಳಿದ್ದೆ.

ಎಂಜಿನ್ ಎಳೆಯುತ್ತೆ. ನನ್ನದೂ ಎಳೀತು, ಒಂದು ವರ್ಷ ಚೆನ್ನಾಗೇ ಎಳೀತು. ಅದಕ್ಕೇ ನನಗೆ ಧೈರ್ಯ ಬಂದಿದ್ದು.

ನಮ್ಮದು ಶಾಮಿಯಾನ, ಲೈಟಿಂಗ್, ಜನರೇಟರ್ ಬಾಡಿಗೆ. 62.5 ಕೆವಿಎ (ಜನರೇಟರ್ ಶಕ್ತಿಯ ಅಳತೆ) ಜನರೇಟರನ್ನ ಎರಡು ಚಕ್ರದ ಟ್ರೇಲರ್ ಮೇಲೆ ಕೂರಿಸಿದ್ದೆ. ಜನರೇಟರ್ 1,350 ಕೆಜಿ, ಕೆಳಗಿನ ಫ್ರೇಮು ಆಕ್ಸಲು ಚಕ್ರ ಸೇರಿ ಸುಮಾರು 400. ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಲಿಲ್ಲ. ಚೈನ್ ಇರಲಿಲ್ಲ. ಹುಕ್ಕನ್ನ ಪಿಕಪ್‌ನ ಹಿಂದಿನ ಬಂಪರ್ ಚಾನೆಲ್ಲಿಗೆ ವೆಲ್ಡ್ ಮಾಡಿಸಿದ್ದೆ, ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಮುಖ್ಯ ಚೌಕಟ್ಟಿಗೆ, ಅಲ್ಲ. ಇವೆಲ್ಲ ತಪ್ಪೇ. ಆದರೆ ನನ್ನನ್ನ ಮಲಗಿಸಿದ ತಪ್ಪು ಬೇರೆ.

2017ರ ಜೂನ್. ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತಗಳು, ಒಂದರ ಮೇಲೊಂದು ಕೆಲಸ. ಚಿತ್ರದುರ್ಗದಲ್ಲಿ ಮದುವೆ ಮುಗಿಸಿ ಮರುದಿನ ದಾವಣಗೆರೆಯಲ್ಲಿ ಇನ್ನೊಂದಕ್ಕೆ ನಿಲ್ಲಬೇಕಿತ್ತು. ಜೊತೆಗೆ ನಮ್ಮ ಅಕ್ಕನ ಮಗ ಇದ್ದ, ಹತ್ತೊಂಬತ್ತು ವರ್ಷ. ಊರಿಗೆ ಹೋಗಿ ಮತ್ತೆ ಬಂಕಿಗೆ ಓಡಾಡೋದು ತಪ್ಪಲಿ ಅಂತ ಡೀಸೆಲ್ ಬ್ಯಾರಲನ್ನ ಪಿಕಪ್ಪಲ್ಲಿ ಹಾಕಿಕೊಂಡು ಹೋಗಿ ದುರ್ಗದಲ್ಲೇ ತುಂಬಿಸಿಕೊಂಡು ಬಂದೆ. ಅಷ್ಟರಲ್ಲಿ ಅಡುಗೆಯವರು ಬಂದು, ‘ಅಣ್ಣಾರೆ, ನಮ್ಮ ಪಾತ್ರೆ ದಾವಣಗೆರೆ ತನಕ ಹಾಕ್ಕೊಂಡು ಹೋಗ್ರಿ’ ಅಂದರು. ಬೇಳೆ ಬೇಯಿಸೋ ಪಾತ್ರೆಗೆ ಡೀಸೆಲ್ ತಾಗಬಾರದಲ್ಲ. ಬ್ಯಾರಲನ್ನ ಪಿಕಪ್‌ನಿಂದ ಇಳಿಸಿ ಟ್ರೇಲರ್‌ನ ಹಿಂದಿನ ತುದಿಯಲ್ಲಿ ನಿಲ್ಲಿಸಿ ಹಗ್ಗ ಬಿಗಿದೆವು. ಜನರೇಟರ್ ಟ್ಯಾಂಕಿನ ಬಾಯಿ ಅಲ್ಲೇ ಇತ್ತು, ನಾಳೆ ತುಂಬೋಕೂ ಸುಲಭ.

ಆಮೇಲೆ ಟ್ರೇಲರ್ ಸಿಕ್ಕಿಸೋಕೆ ಹೋದೆ. ಯಾವಾಗಲೂ ನಾನು, ಹುಡುಗ ಇಬ್ಬರೂ ಸೇರಿ, ಉಸಿರು ಬಿಗಿಹಿಡಿದು ಮೂಕಿ ಎತ್ತಬೇಕಿತ್ತು. ಮೂಕಿ ಅಂದರೆ ಟ್ರೇಲರ್‌ನ ಮುಂದಿನ ದಂಡ, ಎತ್ತಿನ ಗಾಡಿಯ ದಂಡದ ಹೆಸರನ್ನೇ ನಾವು ಅದಕ್ಕೂ ಇಟ್ಟುಕೊಂಡಿದ್ದೇವೆ. ಅವತ್ತು ಹುಡುಗ ಪಾತ್ರೆ ಕಟ್ಟುತ್ತಿದ್ದ. ನಾನೊಬ್ಬನೇ ಬಗ್ಗಿ ಕೈ ಹಾಕಿದೆ, ಮೂಕಿ ಒಂದೇ ಕೈಯಲ್ಲಿ ಮೇಲೆ ಬಂತು. ಎಡಗೈಯಲ್ಲಿ ಮೂಕಿ ಹಿಡಿದುಕೊಂಡೇ ಬಲಗೈಯಲ್ಲಿ ಪಿನ್ ಇಳಿಸಿದೆ. ‘ಇವತ್ತು ಹಗುರ ಐತಲ್ಲೋ’ ಅಂತ ಹುಡುಗನಿಗೆ ಕೂಗಿ ಹೇಳಿದ್ದೂ ನೆನಪಿದೆ. ಖುಷಿಯಲ್ಲಿ ಹೇಳಿದ್ದೆ.

ತಮ್ಮಾ, ಆ ಒಂದು ಕೈಯೇ ನನ್ನ ತಪ್ಪು. ಇದನ್ನ ಬಿಡಿಸಿ ಹೇಳ್ತೀನಿ, ದಯವಿಟ್ಟು ಹಾರಿಸಿ ಓದಬೇಡಿ.

ಟ್ರೇಲರ್‌ನ ಆಕ್ಸಲ್‌ನಿಂದ ಹುಕ್ಕಿಗೆ ಎರಡೂವರೆ ಮೀಟರ್ ಇತ್ತು. ಬ್ಯಾರಲ್ ನಿಂತಿದ್ದು ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ. 200 ಲೀಟರ್ ಡೀಸೆಲ್ ಅಂದರೆ ಸುಮಾರು 166 ಕೆಜಿ, ಬ್ಯಾರಲ್ ಸೇರಿ 185. ಮಕ್ಕಳು ಆಡೋ ತಕ್ಕಡಿ ಹಲಗೆಯ ಲೆಕ್ಕವೇ ಇದು: 185ನ್ನ ಒಂದೂವರೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿ, 111 ಬರುತ್ತೆ. ಹಿಂದೆ ಒಂದು ಬ್ಯಾರಲ್ ಇಟ್ಟಿದ್ದಕ್ಕೆ ಮುಂದೆ ಹುಕ್ಕಿನ ಮೇಲಿನ ಭಾರ 111 ಕೆಜಿ ಕಮ್ಮಿ ಆಯಿತು. ಮೊದಲು ಅಲ್ಲಿ ಇದ್ದದ್ದೇ 130ರ ಆಸುಪಾಸು. ಉಳಿದದ್ದು ಇಪ್ಪತ್ತು ಕೆಜಿ. ಅದು ಒಂದು ಕೈಗೆ ಬರದೆ ಇನ್ನೇನು?

ಬ್ರೇಕ್ ಇರಲಿ ಇಲ್ಲದಿರಲಿ, ಇಂಥ ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಹುಕ್ಕಿನ ಮೇಲೆ ಕೂರಬೇಕು. ನನ್ನದು ಬ್ಯಾರಲ್ ಸೇರಿ 1,935 ಕೆಜಿ. ಅಂದರೆ ಕಮ್ಮಿ ಅಂದರೂ 190 ಬೇಕಿತ್ತು, ಹತ್ತಿರ ಹತ್ತಿರ ನಾಲ್ಕು ಮೂಟೆ ಸಿಮೆಂಟು. ನಾಲ್ಕು ಮೂಟೆ ಸಿಮೆಂಟನ್ನ ಒಂದು ಕೈಯಲ್ಲಿ ಯಾರಾದರೂ ಎತ್ತುತ್ತಾರಾ? ಕೈ ಹೇಳಿತ್ತು, ನನಗೆ ಕೇಳಲಿಲ್ಲ.

ಭಾರ ಆಕ್ಸಲ್‌ಗಿಂತ ಮುಂದೆ ಇದ್ದಾಗ ಟ್ರೇಲರ್ ಗಾಳಿಗೋ ಗುಂಡಿಗೋ ಪಕ್ಕಕ್ಕೆ ಸರಿದರೂ ಒಂದೆರಡು ಸಲ ಆಡಿ ಸಾಲಿಗೆ ಬರುತ್ತೆ. ಭಾರ ಹಿಂದಕ್ಕೆ ಹೋದರೆ ಆ ಆಟ ನಿಲ್ಲೋದಿಲ್ಲ, ಒಂದೊಂದು ತೂಗಿಗೂ ದೊಡ್ಡದಾಗುತ್ತೆ. ಅದಕ್ಕೊಂದು ವೇಗವೂ ಇದೆ. ಅದೇ ಗಾಡಿ 45ರಲ್ಲಿ ಸಾಧು ಹಸುವಿನ ಹಾಗೆ ಬರುತ್ತೆ, 75ರಲ್ಲಿ ಮೈಮೇಲೆ ಬಂದ ಹಾಗೆ ಆಡುತ್ತೆ. ಊರೊಳಗೆ ಒಂದು ಸುತ್ತು ಹೊಡೆದು ‘ಏನೂ ಆಗ್ಲಿಲ್ಲ’ ಅನ್ನೋದು ಪರೀಕ್ಷೆಯೇ ಅಲ್ಲ.

ನಮ್ಮಪ್ಪ ಎತ್ತಿನ ಗಾಡಿ ಹೊಡೆದವರು. ಮೂಟೆ ಹೇರಿದ ಮೇಲೆ, ಎತ್ತು ಕಟ್ಟೋಕೆ ಮುಂಚೆ, ನೊಗ ಹಿಡಿದು ಒಂದು ಸಲ ಎತ್ತಿ ನೋಡೋರು. ಹಗುರಾಗಿ ಬಂತು ಅಂದರೆ ‘ಹಿಂಭಾರ ಆಗೈತಿ, ಎರಡು ಮೂಟೆ ಮುಂದಕ್ಕೆ ತಗೀರಿ’ ಅನ್ನೋರು. ಹಿಂಭಾರದ ಗಾಡಿ ದಿಣ್ಣೆ ಹತ್ತುವಾಗ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಮುಂಭಾರ ಜಾಸ್ತಿ ಆದರೆ ಹೆಗಲು ಹುಣ್ಣಾಗುತ್ತೆ. ಚಿಕ್ಕವನಿದ್ದಾಗ ಇದನ್ನ ನೂರು ಸಲ ನೋಡಿದ್ದೀನಿ. ಕಬ್ಬಿಣದ ಮೂಕಿಗೆ ಅದೇ ಮಾತು ಅನ್ವಯ ಆಗುತ್ತೆ ಅಂತ ಹೊಳೆಯಲೇ ಇಲ್ಲ.

ಆ ಕಾಲದಲ್ಲಿ ದುರ್ಗದ ಗಾಳಿ ನಿಮಗೆ ಹೇಳಬೇಕಾಗಿಲ್ಲ, ಆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಭರಮಸಾಗರ ದಾಟಿದ್ದೆವು, ಎಡದಿಂದ ಗಾಳಿ ಬೀಸುತ್ತಿತ್ತು. ಸಣ್ಣ ಇಳಿಜಾರು, ಮುಳ್ಳು 75 ದಾಟಿತ್ತು. ಬಲಗಡೆಯಿಂದ ಒಂದು ಬಸ್ಸು ಓವರ್‌ಟೇಕ್ ಮಾಡಿತು. ಮೊದಲು ಕೇಳಿದ್ದು ಹಿಂದೆ ಪಾತ್ರೆಗಳ ಸದ್ದು. ಒಂದು ಸಲ ಎಡಕ್ಕೆ ಖಣ್, ಆಮೇಲೆ ಬಲಕ್ಕೆ ಖಣ್. ಹುಡುಗ ಕನ್ನಡಿ ನೋಡಿ ‘ಮಾಮಾ, ಹಿಂದೆ ಆಡಾಕತ್ತೈತಿ’ ಅಂದ.

ನಾನು ಬ್ರೇಕ್ ಒತ್ತಿದೆ. ಯಾರಾದರೂ ಅದನ್ನೇ ಮಾಡ್ತಾರೆ, ಮಾಡಬಾರದ್ದೂ ಅದೇ. ಪಿಕಪ್ ನಿಧಾನ ಆಯಿತು, ಬ್ರೇಕೇ ಇಲ್ಲದ ಎರಡು ಟನ್ ಹಿಂದಿನಿಂದ ದೂಡಿತು. ಪಿಕಪ್ಪಲ್ಲಿ ಖಾಲಿ ಪಾತ್ರೆ ಬಿಟ್ಟರೆ ಭಾರ ಇಲ್ಲ, ಹಿಂದಿನ ಚಕ್ರಕ್ಕೆ ರಸ್ತೆ ಕಚ್ಚಿ ಹಿಡಿಯೋ ಶಕ್ತಿಯೇ ಇರಲಿಲ್ಲ. ಟ್ರೇಲರ್ ಅಡ್ಡ ತಿರುಗಿತು, ಬಂಪರ್ ಚಾನೆಲ್ ಸಮೇತ ಹುಕ್ ಕಿತ್ತು ಬಂತು, ಜನರೇಟರ್ ರಸ್ತೆ ಪಕ್ಕಕ್ಕೆ ಮಗುಚಿತು. ನಮ್ಮ ಪಿಕಪ್ ದುರ್ಗದ ಕಡೆ ಮುಖ ಮಾಡಿ ನಿಂತಿತ್ತು. ಬ್ಯಾರಲ್ ಒಡೆದು ಡೀಸೆಲ್ ರಸ್ತೆ ತುಂಬ ಹರಿದಿತ್ತು. ಹಿಂದೆ ಬೈಕಲ್ಲಿ ಗಂಡ, ಹೆಂಡತಿ, ಮಧ್ಯದಲ್ಲಿ ಒಂದು ಮಗು. ಹತ್ತಡಿ ದೂರದಲ್ಲಿ ಹೇಗೋ ನಿಲ್ಲಿಸಿಕೊಂಡಿದ್ದರು. ಆ ಮಗು ಅಳಲೂ ಇಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಿತ್ತು. ಇವತ್ತಿಗೂ ಹೈವೇಯಲ್ಲಿ ಬೈಕ್ ಮೇಲೆ ಮಗು ಕಂಡರೆ ನನಗೆ ಆ ಮುಖವೇ.

ಹುಡುಗನ ಕಾಲರ್ ಬೋನ್ ಮುರೀತು. ಆಸ್ಪತ್ರೆಯಲ್ಲಿ ಅಕ್ಕ ನನ್ನನ್ನ ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಜನರೇಟರ್ ರಿಪೇರಿಗೆ ಎರಡೂ ಮುಕ್ಕಾಲು ಲಕ್ಷ. ಟ್ರೇಲರ್‌ಗೆ ರಿಜಿಸ್ಟ್ರೇಷನ್ ಇರಲಿಲ್ಲ, ವಿಮೆಯಿಂದ ಅದಕ್ಕೆ ಒಂದು ಪೈಸೆ ಬರಲಿಲ್ಲ. ನೀವು ಮಾಡಿಸೋದಾದರೆ ಮೊದಲು ಆರ್‌ಟಿಓ ಕೆಲಸ ಮುಗಿಸಿ. ಓವರ್‌ಲೋಡ್ ಸಿಕ್ಕರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಒಂದೊಂದು ಟನ್ನಿಗೆ 2,000. ದಂಡ ಹೇಗೋ ಕಟ್ಟಬಹುದು, ಅದು ದೊಡ್ಡ ಮಾತಲ್ಲ.

ಈಗ ನಿಮ್ಮ ಪ್ರಶ್ನೆ. ‘ಅಮೆರಿಕದ ವಿಡಿಯೋಗಳಲ್ಲಿ ಪಿಕಪ್ಪುಗಳು ಮನೆಯಂಥ ಟ್ರೇಲರ್ ಎಳೀತಾವೆ, ನಮ್ಮದು ಯಾಕೆ ಎಳೆಯಬಾರದು’ ಅಂತ ಕೇಳಿದ್ದೀರಿ. ಆ ಪಿಕಪ್ಪುಗಳಿಗೆ ಕಂಪನಿಯವರೇ ಎಷ್ಟು ಎಳೆಯಬಹುದು ಅಂತ ಬರೆದುಕೊಟ್ಟಿರ್ತಾರೆ. ಅದನ್ನ ಅಳೆಯೋಕೆ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಸ್ಥೆ) ಮಾಡಿದ ಜೆ2807 ಅನ್ನೋ ಮಾನದಂಡ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ ಉದ್ದನೆಯ ಏರನ್ನ ಬೇಸಿಗೆ ಬಿಸಿಯಲ್ಲಿ, ಎಸಿ ಹಾಕಿಕೊಂಡು, ಟ್ರೇಲರ್ ಸಮೇತ ಹತ್ತಬೇಕು ಅನ್ನೋದೂ ಆ ಪರೀಕ್ಷೆಯಲ್ಲಿ ಸೇರಿದೆ. ಅಲ್ಲಿನ ಭಾರಿ ಟ್ರೇಲರ್‌ಗಳಿಗೆ ತಮ್ಮದೇ ಬ್ರೇಕ್ ಇರುತ್ತೆ, ಡ್ರೈವರ್ ಕೈಯಿಂದ ಅದನ್ನ ಮಾತ್ರ ಹಾಕೋ ಹಾಗೆ ಸ್ವಿಚ್ ಇರುತ್ತೆ. ನಮ್ಮ ವೆಲ್ಡಿಂಗ್ ಶೆಡ್ಡಿನ ಟ್ರೇಲರನ್ನ ಅದರ ಪಕ್ಕ ಇಟ್ಟು ನೋಡಬೇಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಟ್ರೇಲರ್ ತೂಕ ಅಂತ ಬರೆದಿಲ್ಲದಿದ್ದರೆ, ‘ಬರೆದಿಲ್ಲ, ಹಾಗಾದ್ರೆ ಎಷ್ಟಾದ್ರೂ ಎಳೀಬಹುದು’ ಅಂತ ಅರ್ಥ ಮಾಡ್ಕೋಬೇಡಿ.

ಇನ್ನೊಂದು, 1.7 ಟನ್ ಪೇಲೋಡ್ (ಹೇರಬಹುದಾದ ಭಾರ) ಇದೆ, ಅದು ಪಿಕಪ್ಪಿಗೆ, ಟ್ರೇಲರ್ ಲೆಕ್ಕ ಬೇರೆ ಅಂದಿದ್ದೀರಿ. ಪೂರ್ತಿ ಬೇರೆ ಅಲ್ಲ. ಹುಕ್ಕಿನ ಮೇಲೆ ಕೂತ 190 ಕೆಜಿ ಪಿಕಪ್‌ನ ಪೇಲೋಡಿನಲ್ಲೇ ಕಳೀಬೇಕು. ಅದೂ ಹಿಂದಿನ ಆಕ್ಸಲ್‌ಗಿಂತ ಆಚೆ ಕೂರೋದು. ಹುಕ್ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ, ವೀಲ್‌ಬೇಸ್, ಅಂದರೆ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ ಇರೋ ದೂರ, 3 ಮೀಟರ್ ಅಂತಿಟ್ಟುಕೊಳ್ಳಿ. ಹಿಂದಿನ ಚಕ್ರಗಳ ಮೇಲೆ 190 ಅಲ್ಲ, 266 ಬೀಳುತ್ತೆ, ಮುಂದಿನ ಚಕ್ರದಿಂದ 76 ಎದ್ದುಹೋಗುತ್ತೆ. ಸ್ಟೇರಿಂಗ್ ಹಗುರ ಆಯ್ತು ಅನ್ನಿಸಿದರೆ ಇದೇ ಕಾರಣ. ಹಿಂದೆ ಸ್ಪ್ರಿಂಗ್ ಪಟ್ಟಾ ಸೇರಿಸಿ ಎತ್ತರ ಮಾಡಿಸಿದ ಮಾತ್ರಕ್ಕೆ ಮುಂದಿನ ಚಕ್ರಕ್ಕೆ ಭಾರ ವಾಪಸ್ ಬರೋದಿಲ್ಲ.

ನನ್ನನ್ನ ಕೇಳಿದರೆ ಬ್ರೇಕಿಲ್ಲದ ಎರಡು ಟನ್ ಟ್ರೇಲರ್ ಆ ಪಿಕಪ್ಪಿಗೆ ಬೇಡವೇ ಬೇಡ. ನಾನು ಈಗ ದೊಡ್ಡ ಜನರೇಟರನ್ನ ಲಾರಿಯ ಮೇಲೇ ಕೂರಿಸಿದ್ದೀನಿ. ಪಿಕಪ್ ಹಿಂದೆ ಬರೋದು 15 ಕೆವಿಎ ಮಾತ್ರ, ಟ್ರೇಲರ್ ಸೇರಿ ಒಂದು ಟನ್ನಿನೊಳಗೆ, ಅದಕ್ಕೂ ಬ್ರೇಕ್ ಹಾಕಿಸಿದ್ದೀನಿ, ಅದೂ 50ರ ಮೇಲೆ ಓಡಿಸಲ್ಲ. ಬಾಡಿಗೆ ಕಮ್ಮಿ ಬರುತ್ತೆ, ಬರಲಿ.

ಹುಕ್ ಪಿನ್ನಾದರೂ ಸರಿ, ಬಾಲಾದರೂ ಸರಿ. ಪಿನ್ನಿನಲ್ಲಿ ಲೂಸ್ ಇದ್ದು ಟಕ್ ಟಕ್ ಅಂತ ಹೊಡೆಯುತ್ತೆ, ಕೆಳಗೆ ಲಾಕ್ ಕ್ಲಿಪ್ ಮರೀಬೇಡಿ. ಬಾಲ್ ಹಾಕಿಸಿದರೆ ಬಾಲು ಮತ್ತು ಅದರ ಮೇಲೆ ಕೂರೋ ಬಟ್ಟಲು ಒಂದೇ ಅಳತೆಯವು ಇರಬೇಕು. ಯಾವುದೇ ಆಗಲಿ ಚಾಸಿಗೆ ಬೋಲ್ಟ್ ಆಗಬೇಕು, ಎರಡು ಚೈನು ಮೂಕಿಯ ಕೆಳಗೆ ಕತ್ತರಿ ಹಾಕಿದ ಹಾಗೆ ದಾಟಿಸಿ ಕಟ್ಟಬೇಕು. ಹುಕ್ ಬಿಟ್ಟುಕೊಂಡರೂ ಮೂಕಿ ರಸ್ತೆಗೆ ನೆಡದೆ ಆ ಚೈನಿನ ಮಡಿಲಿಗೆ ಬೀಳುತ್ತೆ. ಇಳಿಜಾರಿಗೆ ಮುಂಚೆಯೇ ಗೇರ್ ಇಳಿಸಿ, ಇಳಿಯೋಕೆ ಶುರು ಮಾಡಿದ ಮೇಲೆ ಅಲ್ಲ. ಆಡೋಕೆ ಶುರು ಮಾಡಿತು ಅಂದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡಿದುಕೊಳ್ಳಿ, ಕಾಲು ಬ್ರೇಕಿನ ಮೇಲೆ ಹೋಗಬಾರದು, ಸ್ಟೇರಿಂಗಲ್ಲಿ ಅದರ ಜೊತೆ ಆಡಬಾರದು.

ಇದಕ್ಕೆಲ್ಲ ಮೊದಲು ವೇಬ್ರಿಡ್ಜಿಗೆ ಹೋಗಿ. ಎಪಿಎಂಸಿ ಹತ್ತಿರ ಸಿಗುತ್ತೆ, ಚಹಾ ತಿಂಡಿ ಖರ್ಚಿನಷ್ಟರಲ್ಲಿ ಮುಗಿಯುತ್ತೆ. ಮೂರು ಸಲ ತೂಗಿಸಿ. ಪಿಕಪ್ ಒಂದೇ, 1,780 ಬಂತು ಅನ್ನಿ. ಟ್ರೇಲರ್ ಸಿಕ್ಕಿಸಿ ಎರಡೂ ಒಟ್ಟಿಗೆ, 3,700. ಆಮೇಲೆ ಪಿಕಪ್ ಕೆಳಗಿಳಿಸಿ, ಸಿಕ್ಕಿಸಿದ ಹಾಗೇ ಟ್ರೇಲರ್ ಚಕ್ರ ಮಾತ್ರ ಮೇಲೆ ಇರಲಿ, 1,730. 3,700ರಲ್ಲಿ 1,730 ಕಳೆದರೆ 1,970, ಅದರಲ್ಲಿ ಪಿಕಪ್‌ನ 1,780 ಕಳೆದರೆ 190. ಅದೇ ಹುಕ್ಕಿನ ಮೇಲಿನ ಭಾರ. 1,920 ಕೆಜಿಯ ಟ್ರೇಲರ್‌ಗೆ 190 ಅಂದರೆ ಶೇಕಡಾ 10ರ ಹತ್ತಿರ. ಲೋಡ್ ಬದಲಾದಾಗೆಲ್ಲ, ಒಂದು ಬ್ಯಾರಲ್ ಹಿಂದೆ ಮುಂದೆ ಆದರೂ, ಮತ್ತೆ ತೂಗಿಸಿ.

ಟ್ರೇಲರ್ ಇನ್ನೂ ಮಾಡಿಸಿಲ್ಲ ಅಂದಿದ್ದೀರಲ್ಲ, ಅಷ್ಟಾದರೂ ಒಳ್ಳೇದಾಯ್ತು. ಆಕ್ಸಲ್‌ನಿಂದ ಹುಕ್ಕಿಗೆ ಎಷ್ಟು ಉದ್ದ ಇಡ್ತೀರಿ, ಜನರೇಟರ್ ಎಲ್ಲಿ ಕೂರಿಸ್ತೀರಿ, ಅದರ ತೂಕ ಎಷ್ಟು, ಈ ಮೂರು ಬರೆದು ಕೆಳಗೆ ಹಾಕಿ. ವೆಲ್ಡಿಂಗ್‌ನವರ ಹತ್ತಿರ ಹೋಗೋಕೆ ಮುಂಚೆ ಲೆಕ್ಕ ಹಾಕಿ ಹೇಳ್ತೀನಿ.