ಮೊಲದ ಕಾಲಡಿಗೆ ಏನು ಹಾಸಬೇಕು?

ಪ್ರಶ್ನೆ: ನಮ್ಮ ಮೊಲ ಎರಡು ಕೆಜಿ ತೂಗುತ್ತದೆ. ರಾತ್ರಿ ತಂತಿಬಲೆ ತಳದ ಪಂಜರದಲ್ಲಿರುತ್ತದೆ. ಹಗಲು ಹಾಲ್‌ನಲ್ಲಿ ಬಿಡುತ್ತೇವೆ, ಆದರೆ ವಿಟ್ರಿಫೈಡ್ ಟೈಲ್ಸ್ ಮೇಲೆ ಜಾರುತ್ತದೆ. ಹಿಂಗಾಲಿನ ಹಿಮ್ಮಡಿಯಲ್ಲಿ ಕೂದಲು ಉದುರಿದೆ. ಏನು ಹಾಸಲಿ?
– ಓದುಗರು, ದಾವಣಗೆರೆ

ಉತ್ತರ: ತಂತಿಯ ತಳವನ್ನು ಇವತ್ತೇ ಮುಚ್ಚಿಬಿಡಿ. ನಾಯಿ, ಬೆಕ್ಕುಗಳಿಗಿರುವ ಮೆತ್ತನೆಯ ಅಂಗಾಲು ಮೊಲಕ್ಕಿಲ್ಲ. ತೆಳು ಚರ್ಮ, ಅದರ ಮೇಲೆ ಒತ್ತಾದ ಕೂದಲು, ಅಷ್ಟೇ. ಕೂತಾಗ ಮೈಭಾರವೆಲ್ಲ ಹಿಮ್ಮಡಿಗೆ ಬೀಳುವುದರಿಂದ ತಂತಿ ಒತ್ತಿ ಒತ್ತಿ ಕೂದಲು ಸವೆಯುತ್ತದೆ, ಚರ್ಮ ಒಡೆದು ಕೀವು ತುಂಬುತ್ತದೆ. ಬಿಟ್ಟರೆ ಮೂಳೆಗೂ ಇಳಿಯುತ್ತದೆ.

ತಳದ ಅಳತೆಗೆ ಮರದ ಹಲಗೆಯನ್ನೋ ದಪ್ಪ ರಟ್ಟನ್ನೋ ಕತ್ತರಿಸಿಡಿ. ಮೇಲೆ ಹಳೆಯ ಹತ್ತಿ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಎರಡು ಇಂಚು ಒಣಹುಲ್ಲು ಹರಡಿ. ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಉಚ್ಚೆಯಲ್ಲಿ ನೆನೆದ ಚರ್ಮ ಬೇಗ ಒಡೆಯುತ್ತದೆ.

ಹಾಲ್‌ಗೆ ಒತ್ತು ನೇಯ್ಗೆಯ ಹತ್ತಿ ಜಮಖಾನವೇ ಸರಿ. ನವಲಗುಂದದ್ದೇ ಆಗಬೇಕಿಲ್ಲ, ಸಾದಾ ಜಮಖಾನ ಸಾಕು. ಅಂಚಿನ ಕುಚ್ಚು ಕತ್ತರಿಸಿ ಮಡಿಚಿ ಹೊಲಿಯಿರಿ, ಅಂಚುಗಳನ್ನು ಸೋಫಾ ಕಾಲಿನಡಿ ಸಿಕ್ಕಿಸಿ. ಜಾರಿಕೆಯನ್ನು ಹಗುರವಾಗಿ ಎಣಿಸಬೇಡಿ: ಮೊಲದ ಹಿಂಗಾಲಿಗೆ ಬಲ ಬಹಳ, ಬೆನ್ನುಮೂಳೆ ಮಾತ್ರ ತೀರಾ ಹಗುರ. ಜಾರಿ ಜೋರಾಗಿ ಒದ್ದುಕೊಂಡು ಬೆನ್ನು ಮುರಿದುಕೊಳ್ಳುವುದುಂಟು.

ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗಳಿಗೆ ಉಗುರು ಸಿಕ್ಕಿ ಕಿತ್ತುಬರುತ್ತದೆ. ತೆಂಗಿನ ನಾರಿನ ಮ್ಯಾಟ್ ಒರಟು. ಮಕ್ಕಳ ಫೋಮ್ ಮ್ಯಾಟನ್ನಂತೂ ತರಲೇಬೇಡಿ. ಮೊಲ ಕಡಿದು ನುಂಗುತ್ತದೆ, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಕರುಳು ಕಟ್ಟಿಕೊಳ್ಳುತ್ತದೆ. ಜಮಖಾನವನ್ನೂ ಕಡಿದು ತಿನ್ನತೊಡಗಿದರೆ ತೆಗೆದು ಹುಲ್ಲಿನ ಚಾಪೆ ಹಾಕಿ.

ಬೇಸಿಗೆಯಲ್ಲಿ ಒಂದು ಮೂಲೆಯ ಟೈಲ್ಸ್ ಬರಿದಾಗಿರಲಿ. ಸೆಖೆಯಾದಾಗ ಮೊಲ ಅಲ್ಲಿ ಹೊಟ್ಟೆ ಒತ್ತಿ ಮಲಗುತ್ತದೆ.

ಹಿಮ್ಮಡಿಯ ಕೂದಲನ್ನು ಬೆರಳಲ್ಲಿ ಬಿಡಿಸಿ ನೋಡಿ. ಒಣಗಿದ, ತಿಳಿಗುಲಾಬಿ ಬೋಳು ಚರ್ಮವಷ್ಟೇ ಆದರೆ ಹಾಸಿಗೆ ಬದಲಿಸಿ ಕಾಯಬಹುದು. ಕಡುಗೆಂಪು, ಊತ, ಹಕ್ಕಳೆ, ಜಿನುಗು ಕಂಡರೆ ಪಶುವೈದ್ಯರ ಬಳಿ ಒಯ್ಯಿರಿ. ಉಗುರನ್ನೂ ನೋಡಿ: ಉದ್ದವಾದರೆ ಬೆರಳು ಮೇಲೇಳುತ್ತದೆ, ಭಾರ ಇನ್ನಷ್ಟು ಹಿಮ್ಮಡಿಗೇ ಬೀಳುತ್ತದೆ. 4ರಿಂದ 6 ವಾರಕ್ಕೊಮ್ಮೆ, ಒಳಗಿನ ಕೆಂಪು ನರಕ್ಕೆ ತಾಗದಂತೆ, ತುದಿಯಷ್ಟೇ ಕತ್ತರಿಸಿ.

ಪ್ರಶ್ನೆ: ಮೊಲದ ಉಚ್ಚೆಯ ಬಿಳಿ ಕಲೆ ನೆಲದಿಂದ ಹೋಗುತ್ತಿಲ್ಲ. ಫಿನಾಯಿಲ್ ಹಾಕಬಹುದೇ?
– ಓದುಗರು, ಶಿರಸಿ

ಉತ್ತರ: ಬೇಡ, ಅಂಗಾಲಿಗೆ ಅಂಟಿದ್ದನ್ನು ಮೊಲ ನೆಕ್ಕುತ್ತದೆ, ಅದು ವಿಷ. ಆ ಬಿಳಿ ಪುಡಿ ಕ್ಯಾಲ್ಸಿಯಂ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಉಜ್ಜಿ, ಬರೀ ನೀರಲ್ಲಿ ಒರೆಸಿ. ನೆಲ ಮಾರ್ಬಲ್ಲಿನದಾದರೆ ವಿನೆಗರ್ ಹೊಳಪು ತಿನ್ನುತ್ತದೆ. ಅಲ್ಲಿ ಉಚ್ಚೆ ಒಣಗುವ ಮೊದಲೇ ಒರೆಸಬೇಕು.