ವಿಶ್ವವಿದ್ಯಾಲಯ ಯಾವ ರಾಜ್ಯದಲ್ಲಿದೆ ಎಂಬುದರ ಮೇಲೆ ಅಮೆರಿಕದಲ್ಲಿ ಸಂಶೋಧನಾ ಅನುದಾನದ ಅವಕಾಶ ಬದಲಾಗುತ್ತದೆಯೇ?

ಹೌದು, ಬದಲಾಗುತ್ತದೆ. ಆದರೆ ಲೆಕ್ಕಕ್ಕೆ ಬರುವುದು ನಿಮ್ಮ ಮನೆ ವಿಳಾಸವೂ ಅಲ್ಲ, ಪೌರತ್ವವೂ ಅಲ್ಲ. ಅರ್ಜಿ ಹಾಕುವ ಸಂಸ್ಥೆ ಇರುವ ರಾಜ್ಯ.

ಹಣ ಇದ್ದಲ್ಲಿಗೇ ಹಣ ಹೋಗುತ್ತದೆ. ಹಿಂದಿನ ಅನುದಾನದಲ್ಲಿ ಕೊಂಡ ಉಪಕರಣ, ನುರಿತ ವಿದ್ಯಾರ್ಥಿಗಳು, ಕೈಯಲ್ಲಿರುವ ಪ್ರಾಥಮಿಕ ದತ್ತಾಂಶ, ಇವೆಲ್ಲ ಇದ್ದವರ ಪ್ರಸ್ತಾವನೆಯೇ ಪರಿಶೀಲಕರಿಗೆ ಗಟ್ಟಿಯಾಗಿ ಕಾಣುವುದು. ಹಾಗಾಗಿ ಕ್ಯಾಲಿಫೋರ್ನಿಯಾ, ಮಸಾಚುಸೆಟ್ಸ್‌ನಂಥ ರಾಜ್ಯಗಳಿಗೆ ದೊಡ್ಡ ಪಾಲು. ಇದನ್ನು ತುಸುವಾದರೂ ಸರಿದೂಗಿಸಲು, ಸಂಶೋಧನೆಗೆ ಹಣ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1979ರಲ್ಲಿ 'ಎಪ್ಸ್ಕೋರ್' ಎಂಬ ಯೋಜನೆ ತಂದಿತು. ಫೌಂಡೇಶನ್ ಹಂಚುವ ಸಂಶೋಧನಾ ಹಣದಲ್ಲಿ ಶೇ. 0.75 ಅಥವಾ ಅದಕ್ಕಿಂತ ಕಡಿಮೆ ಪಡೆದ ರಾಜ್ಯಗಳು ಅರ್ಹ. ನೋಡುವುದು ಹಿಂದಿನ 5 ವರ್ಷಗಳ ಲೆಕ್ಕ.

ಈ ಯೋಜನೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಸಹ-ಅನುದಾನ. ಉದಾಹರಣೆಗೆ, ಅರ್ಹ ರಾಜ್ಯವಾದ ವ್ಯೋಮಿಂಗ್‌ನ ಪ್ರಾಧ್ಯಾಪಕರು ಮಾಮೂಲಿ ಕಾರ್ಯಕ್ರಮಕ್ಕೇ ಅರ್ಜಿ ಹಾಕುತ್ತಾರೆ, ಪರಿಶೀಲನೆಯೂ ಎಲ್ಲರಂತೆಯೇ. ಪ್ರಸ್ತಾವನೆ ಚೆನ್ನಾಗಿದ್ದೂ ಹಣ ಸಾಲದೆ ಅಂಚಿನಲ್ಲಿ ನಿಂತರೆ, ಎಪ್ಸ್ಕೋರ್ ಒಂದಷ್ಟು ಪಾಲು ಹಾಕಿ ದಾಟಿಸಬಹುದು. ಕಳಪೆ ಪ್ರಸ್ತಾವನೆಗೆ ಮಾತ್ರ ಇದು ಊರುಗೋಲಲ್ಲ. ಅರ್ಹ ರಾಜ್ಯಗಳ ಪಟ್ಟಿ ಬದಲಾಗುತ್ತಿರುತ್ತದೆ, ಅರ್ಜಿಗೆ ಮುನ್ನ ಆ ವರ್ಷದ್ದನ್ನೇ ನೋಡಿಕೊಳ್ಳಿ.