ಹನಿಸಕಲ್ ಹೂವಿನ ಕಷಾಯ ಮನೆಯಲ್ಲಿ ಮಾಡಬಹುದೇ? ನಮ್ಮ ಗೇಟಿನ ಮೇಲಿನ ಬಳ್ಳಿಯ ಹೂವೇ ಸಾಕೇ?

ಮಾಡಬಹುದು. ಆದರೆ ಗೇಟಿನ ಮೇಲಿನ ಬಳ್ಳಿಯನ್ನು ಮೊದಲು ಗುರುತಿಸಿ. ನಮ್ಮ ಕಡೆ ಅರಳುವಾಗ ಬಿಳಿ, ಆಮೇಲೆ ಗುಲಾಬಿ, ಕೊನೆಗೆ ಕೆಂಪಾಗುವ ಗೊಂಚಲು ಹೂವು ಬಹುತೇಕ ರಂಗೂನ್ ಬಳ್ಳಿ. ನರ್ಸರಿಗಳಲ್ಲಿ ಅದನ್ನೂ 'ಚೈನೀಸ್ ಹನಿಸಕಲ್' ಅನ್ನುವುದುಂಟು. ಅದು ಬೇರೆಯೇ ಜಾತಿ. ಬೀಜ ಹೆಚ್ಚು ತಿಂದರೆ ಬಿಕ್ಕಳಿಕೆ, ವಾಂತಿ ಶುರುವಾಗುತ್ತದೆ.

ಔಷಧಿಗೆ ಬಳಸುವುದು ಲೊನಿಸೆರಾ ಜಪೋನಿಕಾ ಎಂಬ ನಿಜವಾದ ಹನಿಸಕಲ್. ಬಿಳಿಯಾಗಿ ಅರಳಿ ಹಳದಿಗೆ ತಿರುಗುವುದರಿಂದ ಚೀನಾದಲ್ಲಿ ಇದಕ್ಕೆ 'ಜಿನ್ ಯಿನ್ ಹುವಾ', ಅಂದರೆ ಚಿನ್ನ-ಬೆಳ್ಳಿ ಹೂವು, ಎಂಬ ಹೆಸರು. ಗಂಟಲು ನೋವು, ಜ್ವರದ ಆರಂಭಕ್ಕೆ ಅಲ್ಲಿನವರು ಕೊಡುತ್ತಾರೆ.

ಅವರು ಅರಳಿದ ಹೂವಲ್ಲ, ಮೊಗ್ಗನ್ನೇ ಕಿತ್ತು ಒಣಗಿಸುತ್ತಾರೆ. ಕಾರಣವಿದೆ: ಕ್ಲೋರೋಜೆನಿಕ್ ಆಮ್ಲ (ಕಾಫಿಬೀಜದಲ್ಲೂ ಇರುವ, ಉರಿಯೂತ ತಗ್ಗಿಸುವ ಗುಣದ ವಸ್ತು) ಮೊಗ್ಗಿನಲ್ಲಿ ಹೆಚ್ಚು, ಅರಳುತ್ತಾ ಕಡಿಮೆಯಾಗುತ್ತದೆ. ಅದು ಬಿಸಿನೀರಿಗೆ ಸುಲಭವಾಗಿ ಇಳಿಯುತ್ತದೆ. ಹಾಗಾಗಿ ನಮ್ಮ ಕಷಾಯದಂತೆ ಅರ್ಧಕ್ಕೆ ಬತ್ತಿಸುವ ಗೋಜು ಬೇಡ. ಹಾಗೆ ಕುದಿಸಿದರೆ ಸುವಾಸನೆಯ ಎಣ್ಣೆ ಆವಿಯಾಗಿ ಹೋಗುತ್ತದೆ. 1798ರ ಸುಮಾರಿಗೆ ವು ಜುಟಾಂಗ್ ಎಂಬ ಚೀನೀ ವೈದ್ಯರು ಕೂಡ ಹನಿಸಕಲ್ ಮಿಶ್ರಣವನ್ನು ಘಮ ಬಂದೊಡನೆ ಇಳಿಸಿ, ಹೆಚ್ಚು ಕುದಿಸಬೇಡಿ ಎಂದೇ ಬರೆದಿದ್ದರು. ಒಂದು ಲೋಟ ಬಿಸಿನೀರಿಗೆ ಒಂದೆರಡು ಚಮಚ ಒಣಮೊಗ್ಗು, ಹತ್ತು ನಿಮಿಷ ಮುಚ್ಚಿಟ್ಟು ಸೋಸಿ.

ಕಾಯಿ-ಹಣ್ಣು ಮಾತ್ರ ಹಾಕಲೇಬೇಡಿ, ಅದರ ಸ್ಯಾಪೋನಿನ್ (ಸೀಗೆಯಲ್ಲಿ ನೊರೆ ಬರಿಸುವಂಥದ್ದು) ಹೊಟ್ಟೆ ಕೆಡಿಸುತ್ತದೆ. ಗರ್ಭಿಣಿಯರು, ದಿನವೂ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಕುಡಿಯಲಿ.